ನಿಲ್ಲು ಎನ್ನುವ ಸನ್ನೆ

"ನಿನ್ನ ಕೈಲಾಗಲ್ಲ ಕಣೇ, ಈ ಸಲ ಬಿಟ್ಟುಬಿಡೋಣ," ಎಂದ ಅಣ್ಣ, ನಕ್ಷೆ ಮಡಚುತ್ತ.

ತಂಗಿಗೆ ರೇಗಿತು. ಬೆಳಗ್ಗೆಯಿಂದ ಇದೇ ರಾಗ. ಮರುಭೂಮಿಯ ಕಮರಿಯಲ್ಲಿ ಹರಿಯುವ ಆ ನದಿಗೆ ಒಮ್ಮೆ ಕಯಾಕ್ ದೋಣಿ ಇಳಿಸಿದರೆ ನಾಲ್ಕೈದು ದಿನ ಹೊರಬರುವ ದಾರಿಯಿಲ್ಲ, ನಿಜ. ಹಾಗಂತ ಅವಳನ್ನು ಕೈಲಾಗದವಳು ಎನ್ನುವುದೇ?

"ಹೆದರಿಕೆ ನಂಗಲ್ಲ, ನಿಂಗೆ!"

"ನಂಗ್ಯಾಕೆ? ನೀರು ಭೋರ್ಗರೆಯೋ ಕಡೆಯೆಲ್ಲ ಮೊದಲು ಇಳಿಯೋನು ನಾನೇ ತಾನೆ?"

"ಸರಿ ಮಹಾರಾಯ, ನೀನೇ ಇಳಿ. ಆ ಸದ್ದಲ್ಲಿ ನೀನು ಕೂಗಿದ್ರೆ ಕೇಳಿಸಲ್ಲ. ಅಪಾಯ ಕಂಡ್ರೆ ಹುಟ್ಟನ್ನ ಎರಡೂ ಕೈಲಿ ತಲೆ ಮೇಲೆ ಅಡ್ಡ ಎತ್ತು, ನಾನು ಹಿಂದೇನೇ ನಿಂತ್ಕೋತೀನಿ. ಎಲ್ಲಿ, ಒಂದ್ಸಲ ತೋರಿಸು ನೋಡೋಣ."

ಅಣ್ಣ ಹುಟ್ಟು ಎತ್ತಿಕೊಂಡ. ಎಡಗೈ ಸಲೀಸಾಗಿ ತಲೆಯ ಮೇಲೇರಿತು. ಬಲಗೈ ಭುಜದ ಮಟ್ಟದಲ್ಲೇ ನಿಂತಿತು; ಹಲ್ಲು ಕಚ್ಚಿ ಎತ್ತಿದರೂ ನೋವಿಗೆ ಮೇಲೇರಲಿಲ್ಲ.