ಕೆಂಪು ಬೊಟ್ಟಿನ ಇಟ್ಟಿಗೆ

ಈಗಲಾದರೂ ಹೇಳಿಬಿಡಲೇ? ಹೇಳಿದರೆ ಹೆದರಿಕೊಂಡ ಎನ್ನುತ್ತಾರೆ. ಹೇಳದಿದ್ದರೆ ಇಟ್ಟಿಗೆ ಮುರಿಯುತ್ತದೆ. ಕಾಟಮ್ಮ ನೀರಿನ ತೊಟ್ಟಿಯಿಂದ ಎತ್ತಿ ತರುತ್ತಿದ್ದ ಇಟ್ಟಿಗೆಯ ಮೇಲೆ ಕೆಂಪು ಬೊಟ್ಟು ಕಂಡದ್ದೇ ಜಯಕುಮಾರ್ ಅವಳಿಗೆ ಅಡ್ಡ ಬಂದ. ಆ ಬೊಟ್ಟು ಇಟ್ಟವನು ಅವನೇ. ಸುಣ್ಣದ ನೀರಿನಲ್ಲಿ ಶೇಂಗಾ ಸಿಪ್ಪೆ ಸರಿಯಾಗಿ ನೆನೆಯದೆ ತಯಾರಾದ, ಬಿಸಾಡಬೇಕಾದ ಇಟ್ಟಿಗೆಗಳಿಗೆ ಬೆರಳನ್ನು ಬಣ್ಣದಲ್ಲಿ ಅದ್ದಿ ಹಾಕುತ್ತಿದ್ದ ಗುರುತು ಅದು.

"ಇದನ್ನೇ ಯಾಕೆ ತಂದೆ, ಕಾಟಮ್ಮಾ?"

"ನೀನೇ ಕುಂಕುಮ ಇಟ್ಟು ಪೂಜೆ ಮಾಡಿದ್ದಲ್ಲೇನಪ್ಪ? ಮೂರು ದಿನ ನೀರಾಗೆ ಇದ್ರೂ ಅಳಿಸಿಲ್ಲ ನೋಡು. ಶುಭ ಐತೆ."

ಜವನಗೊಂಡನಹಳ್ಳಿಯ ಶೇಂಗಾ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಸಿಪ್ಪೆ ಗುಡಿಸಿದವಳು ಕಾಟಮ್ಮ. ಆ ಸಿಪ್ಪೆಯ ಇಟ್ಟಿಗೆಯಲ್ಲೇ ಅವಳಿಗೊಂದು ಕೋಣೆ ಕಟ್ಟಿಸುತ್ತೇನೆಂದು ಮಾತು ಕೊಟ್ಟವನು ಜಯಕುಮಾರ್. ಹೋದ ಮಳೆಗೆ ಅವನ ಮೊದಲ ಗೋಡೆ ಹಿಟ್ಟಿನಂತೆ ಕರಗಿತ್ತು. ಇಂದು ಇಟ್ಟಿಗೆ ಪರೀಕ್ಷಿಸಲು ಬಂದ ಮೇಸ್ತ್ರಿ ಚಿತ್ತಯ್ಯ ಒಲ್ಲೆ ಎಂದರೆ, ಸುತ್ತಲಿನ ಯಾವ ಮೇಸ್ತ್ರಿಯೂ ಈ ಇಟ್ಟಿಗೆ ಮುಟ್ಟುವುದಿಲ್ಲ.

ಚಿತ್ತಯ್ಯ ಕರಣೆಯಿಂದ ಕುಟ್ಟಿದ. ಟಣ್ ಎನ್ನಬೇಕಾದದ್ದು ಡಬ್ ಎಂದಿತು.

"ಸುಟ್ಟ ಇಟ್ಟಿಗೆ ಮಾತಾಡ್ತೈತೆ. ಇದೇನ್ಲೇ, ಮಾಡಿದ ನಿನ್ನಂಗೇ ಮೂಗ ಐತೆ! ನಾಳೆ ಇಲಿಗುಳು ಗೋಡೆ ತಿಂದ್ರೆ?"

"ನಿನ್ನ ಕೂಲಿಗಿಂತ ಕಮ್ಮೀನೇ ತಿಂತಾವೆ, ಮ್ಯಾಲೆ ಹತ್ತಿ ನೋಡು," ಎಂದಳು ಕಾಟಮ್ಮ.

ಎರಡು ಕಲ್ಲುಗಳ ನಡುವೆ ಇಟ್ಟಿಗೆಯನ್ನು ಸೇತುವೆಯಂತೆ ಇಟ್ಟು ಚಿತ್ತಯ್ಯ ಒಂದು ಕಾಲಿಟ್ಟ. ಇನ್ನೊಂದನ್ನೂ ಇಟ್ಟ. ಜಯಕುಮಾರ್ ತಡೆಯಲು ಒಂದು ಹೆಜ್ಜೆ ಮುಂದಿಟ್ಟ. ಚಿತ್ತಯ್ಯ ಕುಪ್ಪಳಿಸಿದ. ಕೆಳಗಿಳಿದು, ಸಿಮೆಂಟು ಚೀಲವನ್ನು ಹೆಗಲಿಗೇರಿಸಿಕೊಂಡು ಮತ್ತೆ ಹತ್ತಿದ. ಅಂಚಿನಿಂದ ಒಂದು ಸಿಪ್ಪೆಚೂರು ಉದುರಿತು. ಅಷ್ಟೇ.

ಇಳಿದವನು ಇಟ್ಟಿಗೆಯನ್ನು ಮಗುಚಿ ಬಹಳ ಹೊತ್ತು ನೋಡಿದ. ಎಲ್ಲೂ ಬಿರುಕಿರಲಿಲ್ಲ.

"ದಾರ, ತೂಗುಗುಂಡು ತಗಂಬರ್ರಿ," ಎಂದ, ಅಲ್ಲಿಯವರೆಗೆ ತಾನು 'ಲೇ' ಎಂದೇ ಕರೆಯುತ್ತಿದ್ದ ಜಯಕುಮಾರನಿಗೆ. "ಪಾಯದ ಮ್ಯಾಲೆ ಮೊದಲ ಇಟ್ಟಿಗೆ ಇದೇ ಇರ್ಲಿ."

ಕಾಟಮ್ಮ ಕೇಕೆ ಹಾಕಿದಳು. ಮಿಲ್ಲಿನ ಹೆಂಗಸರೆಲ್ಲ ಪೊರಕೆ ಹಿಡಿದೇ ಓಡಿ ಬಂದರು.

ಆ ಕೋಣೆ ಎರಡು ಮಳೆಗಾಲ ಕಂಡಿದೆ. ಐಮಂಗಲದಿಂದ, ಹೊಸದುರ್ಗದಿಂದ ನೋಡಲು ಬಂದವರಿಗೆ ಕಾಟಮ್ಮ ಬಾಗಿಲ ಪಕ್ಕದ ಮೂಲೆಯಲ್ಲಿ ಗಿಲಾವು ಬಳಿಯದೆ ಬಿಟ್ಟ ಒಂದು ಇಟ್ಟಿಗೆ ತೋರಿಸುತ್ತಾಳೆ. ಶುಕ್ರವಾರ ಶುಕ್ರವಾರ ಅದರ ಕೆಂಪು ಬೊಟ್ಟಿನ ಮೇಲೆಯೇ ಕುಂಕುಮ ಇಡುತ್ತಾಳೆ.

ಅದು ತಾನು ಬೇಡವೆಂದು ಪಕ್ಕಕ್ಕೆ ತೆಗೆದಿಟ್ಟ ಇಟ್ಟಿಗೆ ಎಂದು ಜಯಕುಮಾರ್ ಅವಳಿಗೆ ಹೇಳಲೇ ಇಲ್ಲ.