ಕಾಲು ಮುಂದಾಗಿ ಹುಟ್ಟಿದವರು

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಇಂದಿಗೂ ನನ್ನ ಅಂಗಾಲು ಜುಮ್ಮೆನ್ನುತ್ತದೆ.

ಅಕ್ಕ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ತುಳಿದರೆ ಸೊಂಟದ ಉಳುಕು ಬಿಡುತ್ತದೆಂದು ರಿಪ್ಪನ್‌ಪೇಟೆಯ ಬಸ್ ಡ್ರೈವರ್ ಶೀನಣ್ಣ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದು, ಎಣ್ಣೆ ಹಚ್ಚಿಕೊಂಡು ಚಾಪೆಯ ಮೇಲೆ ಬೋರಲು ಮಲಗುತ್ತಿದ್ದ. ನನ್ನನ್ನು ಯಾರೂ ಕರೆಯುತ್ತಿರಲಿಲ್ಲ.

ಒಂದು ಭಾನುವಾರ ಅಕ್ಕ ಮುನಿಸಿಕೊಂಡು ಒಳಗೇ ಕೂತಳು. ಅಮ್ಮ ಸದ್ದಿಲ್ಲದೆ ನನ್ನನ್ನು ಮುಂದೆ ತಳ್ಳಿದಳು. ಜಾರುವ ಆ ಬೆನ್ನಿನ ಮೇಲೆ ಉಸಿರು ಬಿಗಿಹಿಡಿದು ನಡೆದೆ.

"ಆಹಾ! ಇವತ್ತು ಸರಿಯಾಗಿ ಬಿತ್ತು ನೋಡಿ ಅತ್ಗೆ," ಎನ್ನುತ್ತ ಎದ್ದ ಶೀನಣ್ಣ ನನ್ನನ್ನು ಕಂಡು ಬೆಪ್ಪಾದ.

"ಇವ್ಳು ತಲೆ ಮುಂದಾಗೇ ಹುಟ್ಟಿದ್ದು ಮಾರಾಯ," ಎಂದು ಅಮ್ಮ ನಕ್ಕಳು.

ಅವನು ಸೊಂಟವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದ. "ಇಲ್ಲ ಅತ್ಗೆ, ನಿಮ್ಗೆ ನೆನಪಿಲ್ಲ. ಇವ್ಳೂ ಕಾಲು ಮುಂದಾಗೇ ಹುಟ್ಟಿರೋದು."

"ಹೌದು," ಎಂದೆ ನಾನು ಎದೆಯುಬ್ಬಿಸಿ, ಎಲ್ಲ ನೆನಪಿರುವವಳಂತೆ.