ಕೊನೆಯ ಹೊಲಿಗೆ

ಅಮೆರಿಕ ಆಗಷ್ಟೇ ಸ್ವತಂತ್ರವಾಗಿತ್ತು. ಹಡಗು ಬಿಟ್ಟು ಶಾಸನಸಭೆಯ ಚುನಾವಣೆಗೆ ನಿಂತ ಮೇಲೂ ಬಂದರಿನ ಊರೊಂದರ ಕಪ್ತಾನನಿಗೆ ಸಮುದ್ರದ ಕಡೆಯ ಕಿಟಕಿ ತೆರೆಯುವ ಧೈರ್ಯ ಬಂದಿರಲಿಲ್ಲ. ತೆರೆದರೆ ಸಾಕು, ದೂರದ ದ್ವೀಪದ ಮರಳಿನಲ್ಲಿ ಜ್ವರದಿಂದ ನಡುಗುತ್ತ, ಅಂಗಿ ಬೀಸಿ ಕೂಗುತ್ತಿದ್ದ ನಾವಿಕ ಸೈಲಸ್ ಕಣ್ಣಿಗೆ ಕಟ್ಟುತ್ತಿದ್ದ. ಸೋಂಕು ಹಡಗಿಗೆಲ್ಲ ಹರಡೀತೆಂದು ಹೆದರಿ ಅವನನ್ನು ಅಲ್ಲಿ ಇಳಿಸಿ ಬಂದವನು ಕಪ್ತಾನನೇ. ಊರಿಗೆ ಹೇಳಿದ್ದು ಮಾತ್ರ ಬೇರೆ.

ಮತದಾನದ ಬೆಳಿಗ್ಗೆ ಸೈಲಸನ ಹೆಂಡತಿ ಟ್ಯಾಬಿತಾ ಬಂದಳು. ಬಂದರಿನ ಗಂಡಸರೆಲ್ಲ ಅವಳ ಮಾತಿಗೆ ಬೆಲೆ ಕೊಡುವವರು.

"ಬಂದರಿನ ಓಟೆಲ್ಲ ನಿಮಗೇ ಕಪ್ತಾನರೇ. ನನ್ನ ಗಂಡ ಹೋದದ್ದು ಹೇಗೆ ಅಂತ ಇನ್ನೊಂದು ಸಲ ಹೇಳಿಬಿಡಿ."

"ಎಷ್ಟು ಸಲ ಕೇಳ್ತೀಯಮ್ಮಾ? ಜ್ವರದಲ್ಲಿ ಹೋದ. ಹಾಯಿಬಟ್ಟೆಯಲ್ಲಿ ಸುತ್ತಿ, ಹೊಲಿದು, ಸಮುದ್ರಕ್ಕೆ ಬಿಟ್ಟೆವು."

"ಇನ್ನೂ ಜೀವ ಇತ್ತೇನೋ ಅಂತ ನನಗೊಂದು ಸಂಶಯ."

"ಛೆ ಛೆ! ನಾವಿಕನ ಹೆಂಡತಿಯಾಗಿ ನಮ್ಮ ಪದ್ಧತಿ ಗೊತ್ತಿಲ್ಲವಾ? ಕೊನೆಯ ಹೊಲಿಗೆ ಮೂಗಿಗೇ ಹಾಕ್ತೀವಿ. ಜೀವ ಇದ್ದವನು ಚೀರದೆ ಇರ್ತಾನಾ? ದಬ್ಬಳದಂಥ ಸೂಜಿ, ಈ ಕಡೆಯಿಂದ ಆ ಕಡೆಗೆ ನಾನೇ ಚುಚ್ಚಿದೆ. ಅವನು ಮಿಸುಕಲಿಲ್ಲ."

ಹೇಳಿ ಹೇಳಿ ಅದು ಅವನಿಗೇ ನಿಜವೆನ್ನಿಸತೊಡಗಿತ್ತು.

"ಬೈಬಲ್ ಮುಟ್ಟಿ ಹೇಳ್ತೀರಾ?"

ಕಪ್ತಾನ ಮುಟ್ಟಿದ. "ದೇವರಾಣೆಗೂ."

ಟ್ಯಾಬಿತಾ ತಲೆಯಾಡಿಸಿ, ಬಾಗಿಲ ಹೊರಗೆ ತಿರುಗಿ ಕರೆದಳು:

"ಒಳಗೆ ಬಾ ಮಾರಾಯ, ಕಪ್ತಾನರಿಗೆ ನಿನ್ನ ಮೂಗು ತೋರಿಸು."